ಗಣಿತ ಶಿಕ್ಷಕರ ಮೇಜಿನ ಮೇಲೊಂದು ಕಾದಂಬರಿ: ಪ್ರೌಢಶಾಲೆಯ ಬೇರೆ ಬೇರೆ ವಿಷಯಗಳಲ್ಲಿ ಹದಿಹರೆಯದವರ ಪುಸ್ತಕಗಳನ್ನು ಬಳಸುವ ಬಗೆ

ಹದಿಹರೆಯದವರಿಗೆಂದೇ ಬರೆದ ಪುಸ್ತಕಗಳು, ಅಂದರೆ ಸುಮಾರು 12ರಿಂದ 18 ವರ್ಷದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾದಂಬರಿ, ಆತ್ಮಕಥನ, ಚಿತ್ರಕಾದಂಬರಿಗಳು, ಶಾಲೆಯ ಹೊಸ್ತಿಲು ದಾಟಿ ಒಳಗೆ ಬಂದರೂ ಸಾಮಾನ್ಯವಾಗಿ ಭಾಷಾ ಶಿಕ್ಷಕರ ಕಪಾಟಿನಲ್ಲೇ ಉಳಿದುಬಿಡುತ್ತವೆ. ವಿಜ್ಞಾನ, ಗಣಿತ, ಇತಿಹಾಸ ಕಲಿಸುವವರ ಪಾಲಿಗೆ ಅವು ಬಿಡುವಿನ ವೇಳೆಯ ಓದು. ಪಠ್ಯ ಮುಗಿಸುವುದೇ ಕಷ್ಟವಾಗಿರುವಾಗ ಕಥೆಗೆ ಸಮಯ ಎಲ್ಲಿಂದ ತರುವುದು ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಥೆಯನ್ನು ಪಾಠದ ಮೇಲೆ ಹೇರಿದ ಮತ್ತೊಂದು ಹೊರೆ ಎಂದುಕೊಂಡರೆ ಸಮಯ ಖಂಡಿತ ಸಾಲುವುದಿಲ್ಲ. ಆದರೆ ಮುಂದಿನ ವಾರ ಹೇಗೂ ಕಲಿಸಲೇಬೇಕಾದ ಪರಿಕಲ್ಪನೆಯ ಪ್ರಶ್ನೆ ಕಥೆಯೊಳಗಿಂದಲೇ ಎದ್ದು ಬರುವಂತೆ ಏರ್ಪಾಡು ಮಾಡಿಕೊಂಡರೆ, ಪಾಠದ ಪೀಠಿಕೆಗೆ ಖರ್ಚಾಗುತ್ತಿದ್ದ ಅವಧಿಯಷ್ಟೇ ಸಾಕಾಗುತ್ತದೆ.

ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಇಡೀ ಕಾದಂಬರಿಯನ್ನು ತರಗತಿಗೆ ಕೊಟ್ಟು, ಅದರ ಬೆನ್ನಿಗೆ 40 ಪ್ರಶ್ನೆಗಳ ವರ್ಕ್‌ಶೀಟ್ ಅಂಟಿಸಿದ್ದೆ. ನಾಯಕನ ಊರು ಯಾವುದು, ಅವನ ನಾಯಿಯ ಹೆಸರೇನು, ಮೂರನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂಬಂಥ ಪ್ರಶ್ನೆಗಳವು. ವಿದ್ಯಾರ್ಥಿಗಳು ಪ್ರಶ್ನೆಯನ್ನು ಮೊದಲು ಓದಿ, ಉತ್ತರವಿರುವ ಸಾಲನ್ನು ಮಾತ್ರ ಹುಡುಕಿ, ಪುಸ್ತಕವನ್ನು ಮುಚ್ಚಿಟ್ಟರು. ಕಥೆಯೂ ಹೋಯಿತು, ವಿಜ್ಞಾನವೂ ಬರಲಿಲ್ಲ. ಓದಿನ ಬಗ್ಗೆ ಬಹಳ ಯೋಚಿಸಿದ ಲೂಯಿಸ್ ರೋಸೆನ್‌ಬ್ಲಾಟ್ 1978ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಎರಡು ಬಗೆಯ ಓದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಓದಿ ಮುಗಿದ ಮೇಲೆ ಜೊತೆಗೆ ಒಯ್ಯಬೇಕಾದ ಮಾಹಿತಿಗಾಗಿ ಓದುವುದು ಒಂದು ಬಗೆ; ಓದುತ್ತಿರುವ ಆ ಹೊತ್ತಿನಲ್ಲೇ ಅದನ್ನು ಅನುಭವಿಸುತ್ತ ಓದುವುದು ಇನ್ನೊಂದು ಬಗೆ. ನನ್ನ ವರ್ಕ್‌ಶೀಟ್ ಎರಡನೆಯ ಬಗೆಯ ಪುಸ್ತಕವನ್ನು ಮೊದಲನೆಯ ಬಗೆಯಲ್ಲಿ ಓದಿಸಲು ಹೊರಟಿತ್ತು. ಆದ್ದರಿಂದ ಈಗ ನಾನು ಪಾಲಿಸುವ ಕ್ರಮ ಸರಳವಾದದ್ದು: ಮೊದಲ ಓದಿನಲ್ಲಿ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಎರಡನೆಯ ಓದಿನಲ್ಲಿ ನಾಲ್ಕೈದು ಪುಟಗಳನ್ನು ಮಾತ್ರ ಆಯ್ದುಕೊಂಡು, ಆ ವಿಷಯದ ತಜ್ಞರು ಓದುವಂತೆ ಓದಿಸುತ್ತೇನೆ. ಇತಿಹಾಸಕಾರರಾದರೆ ಇದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಕೇಳುತ್ತಾರೆ. ಗಣಿತಜ್ಞರು ಲೆಕ್ಕ ಸರಿಹೊಂದುತ್ತದೆಯೇ ಎಂದು ನೋಡುತ್ತಾರೆ. ವಿಜ್ಞಾನಿಗಳು ಇದು ಹೇಗೆ ಕೆಲಸ ಮಾಡುತ್ತದೆ, ಬೇರೆ ವಿವರಣೆ ಸಾಧ್ಯವೇ ಎಂದು ವಿಚಾರಿಸುತ್ತಾರೆ. ಪುಸ್ತಕ ಒಂದೇ ಆದರೂ ಓದುವ ಅಭ್ಯಾಸ ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ, ಮತ್ತು ಆ ಅಭ್ಯಾಸವನ್ನು ಕಲಿಸುವುದೇ ಇಲ್ಲಿನ ಕೆಲಸ.

ಜೀವಶಾಸ್ತ್ರ: ಮೊದಲ ವಾಕ್ಯದಲ್ಲೇ ಗುಂಯ್‌ಗುಡುವ ಸೊಳ್ಳೆ

ನನಗೆ ಅತ್ಯಂತ ಹೆಚ್ಚು ಫಲ ಕೊಟ್ಟ ಪುಸ್ತಕ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಫೀವರ್ 1793’. ಇದು 2000ದಲ್ಲಿ ಪ್ರಕಟವಾದ ಕಾದಂಬರಿ. ಆಗ ಅಮೆರಿಕದ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾದಲ್ಲಿ 1793ರ ಬೇಸಿಗೆಯಲ್ಲಿ ಹಳದಿ ಜ್ವರ ಹಬ್ಬಿತು. ಸುಮಾರು 50,000 ಜನರಿದ್ದ ಊರಿನಲ್ಲಿ ಸುಮಾರು 5,000 ಮಂದಿ ಸತ್ತರು. ಕಾಫಿಮನೆ ನಡೆಸುವ ಕುಟುಂಬದ 14 ವರ್ಷದ ಹುಡುಗಿ ಮ್ಯಾಟಿಲ್ಡಾ ಈ ಕಥೆಯನ್ನು ಹೇಳುತ್ತಾಳೆ. ಪುಸ್ತಕದ ಮೊಟ್ಟಮೊದಲ ವಾಕ್ಯದಲ್ಲೇ ಅವಳ ಕಿವಿಯ ಬಳಿ ಒಂದು ಸೊಳ್ಳೆ ಹಾಡುತ್ತಿರುತ್ತದೆ. ರೋಗ ಹರಡಿದ್ದು ಸೊಳ್ಳೆಯಿಂದ ಎಂದು ಕಥೆಯೊಳಗಿನ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ಸಾಧ್ಯತೆಯೂ ಇಲ್ಲ. ಏಕೆಂದರೆ ಸೊಳ್ಳೆಯ ಮೇಲೆ ಅನುಮಾನಪಟ್ಟು ಕಾರ್ಲೋಸ್ ಫಿನ್ಲೇ ತಮ್ಮ ವಾದವನ್ನು ಮಂಡಿಸಿದ್ದು 1881ರಲ್ಲಿ, ವಾಲ್ಟರ್ ರೀಡ್ ನೇತೃತ್ವದ ತಂಡ ಅದನ್ನು ಪ್ರಯೋಗದಿಂದ ದೃಢಪಡಿಸಿದ್ದು 1900ರಲ್ಲಿ. ಓದುಗನಿಗೆ ಕಾಣಿಸುವುದು ಪಾತ್ರಗಳಿಗೆ ಕಾಣಿಸದಂತೆ ಲೇಖಕಿ ಇಟ್ಟಿರುವ ಈ ಸುಳಿವೇ ಪಾಠದ ಹಿಡಿಕೆ.

ತರಗತಿಯಲ್ಲಿ ಇದನ್ನು ನಡೆಸುವ ಬಗೆ ಹೀಗೆ. ಹಳದಿ ಜ್ವರದ ಬಗ್ಗೆ ಏನನ್ನೂ ಹೇಳದೆ ಮೊದಲ ಅಧ್ಯಾಯವನ್ನು ಶಿಕ್ಷಕರೇ ಗಟ್ಟಿಯಾಗಿ ಓದಬೇಕು. ಮರುದಿನ ರೋಗ ಹಬ್ಬಲಾರಂಭಿಸುವ ಪುಟಗಳನ್ನು ಕೊಟ್ಟು, ನೋಟ್‌ಬುಕ್ಕಿನ ಪುಟವನ್ನು ಮೂರು ಕಂಬಗಳಾಗಿ ಗೆರೆ ಎಳೆದುಕೊಳ್ಳಲು ಹೇಳಬೇಕು. ಮೊದಲ ಕಂಬದಲ್ಲಿ ಪಾತ್ರಗಳು ಕಣ್ಣಾರೆ ಕಂಡದ್ದು, ಎರಡನೆಯದರಲ್ಲಿ ಅದರಿಂದ ಅವರು ತೆಗೆದ ತೀರ್ಮಾನ, ಮೂರನೆಯದರಲ್ಲಿ ವಿದ್ಯಾರ್ಥಿಯ ಊಹೆ. ಬಂದರಿನಲ್ಲಿ ಕೊಳೆಯುತ್ತಿದ್ದ ಕಾಫಿಯ ದುರ್ಗಂಧವೇ ಜ್ವರಕ್ಕೆ ಕಾರಣವೆಂದು ಆ ಕಾಲದ ಹೆಸರಾಂತ ವೈದ್ಯ ಬೆಂಜಮಿನ್ ರಶ್ ನಂಬಿದ್ದರು; ರಕ್ತ ತೆಗೆಯುವುದೇ ಅವರ ಮುಖ್ಯ ಚಿಕಿತ್ಸೆಯಾಗಿತ್ತು. ಇದನ್ನು ಕೇಳಿ ತರಗತಿ ನಗುತ್ತದೆ, ನಗಲಿ. ಆ ನಗುವಿನ ಬೆನ್ನಿಗೇ ಇನ್ನಷ್ಟು ಸಂಗತಿಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆಯಬೇಕು: ಊರು ಬಿಟ್ಟು ಹಳ್ಳಿಗಾಡಿಗೆ ಹೋದವರಲ್ಲಿ ಬಹಳಷ್ಟು ಮಂದಿ ಉಳಿದುಕೊಂಡರು, ರೋಗ ಬಿಸಿಲುಗಾಲದಲ್ಲಿ ಬಂದಿತು, ಹಿಮ ಬೀಳುವ ಚಳಿ ಆರಂಭವಾದೊಡನೆ ನಿಂತಿತು. ದುರ್ಗಂಧದ ಸಿದ್ಧಾಂತವೂ ಈ ಎಲ್ಲವನ್ನೂ ವಿವರಿಸಬಲ್ಲದು ಎಂಬುದು ಆಗ ವಿದ್ಯಾರ್ಥಿಗಳಿಗೆ ಹೊಳೆಯುತ್ತದೆ; ಬಿಸಿಲಿಗೆ ನಾತ ಹೆಚ್ಚು, ಚಳಿಗೆ ಕಡಿಮೆ, ಹಳ್ಳಿಯಲ್ಲಿ ಬಂದರಿನ ನಾತವಿಲ್ಲ. ನಗುತ್ತಿದ್ದವರು ಸುಮ್ಮನಾಗುವ ಕ್ಷಣ ಅದು. ಎರಡು ಸಂಗತಿಗಳು ಜೊತೆಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬ ಮಾತನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಇಲ್ಲಿ ಅದು ಅವರ ಸ್ವಂತ ಅನುಭವವಾಗುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ನಾತವೋ ಸೊಳ್ಳೆಯೋ ಎಂದು ತೀರ್ಮಾನಿಸಲು ನೀವಾದರೆ ಎಂಥ ಪ್ರಯೋಗ ಮಾಡುತ್ತಿದ್ದಿರಿ? ಕೊನೆಯಲ್ಲಿ ಮೊದಲ ವಾಕ್ಯವನ್ನು ಮತ್ತೆ ಓದಿದರೆ ಸಾಕು, ವಾಹಕ ಕೀಟಗಳ ಪಾಠ ಶುರುವಾದಂತೆಯೇ.

ಇದೇ ಪುಸ್ತಕ ಇತಿಹಾಸ ಶಿಕ್ಷಕರಿಗೂ ಒದಗುತ್ತದೆ. ಆಫ್ರಿಕನ್ ಮೂಲದವರಿಗೆ ಈ ಜ್ವರ ತಗಲುವುದಿಲ್ಲವೆಂದು ರಶ್ ತಪ್ಪಾಗಿ ತಿಳಿದಿದ್ದರು. ರಿಚರ್ಡ್ ಅಲೆನ್ ಮತ್ತು ಅಬ್ಸಲಮ್ ಜೋನ್ಸ್ 1787ರಲ್ಲಿ ಕಟ್ಟಿದ್ದ, ಕಪ್ಪು ಜನರ ಪರಸ್ಪರ ಸಹಾಯದ ಸಂಘವಾದ ಫ್ರೀ ಆಫ್ರಿಕನ್ ಸೊಸೈಟಿಯ ಜನರು ಆ ಭರವಸೆಯ ಮೇಲೆ ರೋಗಿಗಳ ಶುಶ್ರೂಷೆಗೆ ಇಳಿದರು, ಅವರಲ್ಲೂ ಹಲವರು ಸತ್ತರು. ವಿಜ್ಞಾನದ ಒಂದು ತಪ್ಪು ಊಹೆಗೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಎರಡೂ ತರಗತಿಗಳಲ್ಲಿ ಕೇಳಬಹುದು, ಆದರೆ ಉತ್ತರಗಳು ಒಂದೇ ಆಗಿರುವುದಿಲ್ಲ.

ಭೌತಶಾಸ್ತ್ರ: ಗುರಿ ತಪ್ಪಿದ ಈಟಿ, ಉರಿಯಬಾರದಿದ್ದ ಬೆಂಕಿ

ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ (1987) ಕಾದಂಬರಿಯಲ್ಲಿ 13 ವರ್ಷದ ಬ್ರಯನ್ ಸಣ್ಣ ವಿಮಾನವೊಂದರ ಅಪಘಾತದಲ್ಲಿ ಬದುಕುಳಿದು, ಕೆನಡಾದ ಕಾಡಿನಲ್ಲಿ ಕೈಗೊಡಲಿಯೊಂದನ್ನೇ ನಂಬಿ 54 ದಿನ ಕಳೆಯುತ್ತಾನೆ. ಮೀನು ಹಿಡಿಯಲು ಅವನು ಮಾಡಿಕೊಂಡ ಆಯುಧ ಮತ್ತೆ ಮತ್ತೆ ಗುರಿ ತಪ್ಪುತ್ತದೆ. ನೀರು ಬೆಳಕನ್ನು ಬಾಗಿಸುತ್ತದೆಂಬ ಪಾಠ ನೆನಪಾದ ಮೇಲೆ, ಮೀನು ಕಾಣುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಗುರಿಯಿಟ್ಟಾಗ ಅದು ಸಿಗುತ್ತದೆ. ವಕ್ರೀಭವನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ತಿಳಿದಿಲ್ಲ. ಆ ಪುಟವನ್ನು ‘ಕೆಳಗೆ ಗುರಿಯಿಟ್ಟ’ ಎಂಬ ಮಾತು ಬರುವ ಮೊದಲೇ ನಿಲ್ಲಿಸಿ, ಎಲ್ಲಿಗೆ ಗುರಿಯಿಡಬೇಕೆಂದು ಪ್ರತಿಯೊಬ್ಬರಿಂದಲೂ ಚಿತ್ರ ಬರೆಸಬೇಕು. ಕಿರಣಗಳ ಚಿತ್ರದಲ್ಲಿ ಅರ್ಧ ತರಗತಿಯಾದರೂ ಮೀನನ್ನು ನಿಜಕ್ಕಿಂತ ಆಳದಲ್ಲಿ ತೋರಿಸುತ್ತದೆ. ನಂತರ ತಟ್ಟೆಯೊಂದರಲ್ಲಿ ನಾಣ್ಯವಿಟ್ಟು ನೀರು ತುಂಬಿಸಿ, ನೇರವಾಗಿ ಮೇಲಿನಿಂದ ನೋಡಿದಾಗ ತೋರಿಕೆಯ ಆಳವು ನಿಜವಾದ ಆಳವನ್ನು ವಕ್ರೀಭವನ ಸೂಚ್ಯಂಕದಿಂದ ಭಾಗಿಸಿದಷ್ಟಿರುತ್ತದೆ ಎಂದು ತೋರಿಸಬಹುದು. ನೀರಿನ ಸೂಚ್ಯಂಕ ಸುಮಾರು 1.33 ಆದ್ದರಿಂದ 40 ಸೆಂಟಿಮೀಟರ್ ಆಳದ ಮೀನು 30 ಸೆಂಟಿಮೀಟರ್ ಆಳದಲ್ಲಿದ್ದಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲೆ ಕಾಣುತ್ತದೆ. ದಡದಲ್ಲಿ ನಿಂತ ಬ್ರಯನ್ ನೋಡುತ್ತಿದ್ದದ್ದು ಓರೆಯಾಗಿಯೇ ಅಲ್ಲವೇ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ, ಆ ದಿನದ ಪಾಠ ಗೆದ್ದಿತೆಂದೇ ಅರ್ಥ.

ಪುಸ್ತಕದಲ್ಲಿ ವಿಜ್ಞಾನ ತಪ್ಪಾಗಿದ್ದರೆ ಅದನ್ನು ಬಿಟ್ಟುಬಿಡಬೇಕೆಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಹದಿಹರೆಯದವರಿಗೆಂದೇ ಬರೆದದ್ದಲ್ಲದಿದ್ದರೂ ಪ್ರೌಢಶಾಲೆಗಳಲ್ಲಿ ಬಹಳ ಓದಿಸಿಕೊಂಡ ಪುಸ್ತಕ. ಅದರಲ್ಲಿ ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ತಮ್ಮಲ್ಲೊಬ್ಬನಾದ ಪಿಗ್ಗಿಯ ಕನ್ನಡಕದಿಂದ ಸೂರ್ಯನ ಬೆಳಕನ್ನು ಒಂದೆಡೆ ಸೇರಿಸಿ ಬೆಂಕಿ ಹೊತ್ತಿಸುತ್ತಾರೆ. ಆದರೆ ಪಿಗ್ಗಿಗಿರುವುದು ಸಮೀಪದೃಷ್ಟಿ. ಅದಕ್ಕೆ ಕೊಡುವುದು ನಿಮ್ನ ಮಸೂರ. ನಿಮ್ನ ಮಸೂರ ಬೆಳಕನ್ನು ಚದುರಿಸುತ್ತದೆಯೇ ಹೊರತು ಒಂದು ಬಿಂದುವಿಗೆ ತರುವುದಿಲ್ಲ. ಈ ತಪ್ಪನ್ನು ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಅದೊಂದು ಸ್ವಾರಸ್ಯದ ಸಂಗತಿ ಮಾತ್ರ. ಪಿಗ್ಗಿಯ ದೃಷ್ಟಿದೋಷ ಯಾವುದೆಂದು ಸೂಚಿಸುವ ಸಾಲನ್ನೂ ಬೆಂಕಿ ಹೊತ್ತಿಸುವ ಪುಟವನ್ನೂ ಅಕ್ಕಪಕ್ಕ ಇಟ್ಟು, ಎರಡೂ ನಿಜವಾಗಿರಲು ಸಾಧ್ಯವೇ ಎಂದು ಕಿರಣಚಿತ್ರದ ಮೂಲಕ ಸಾಧಿಸಿ ತೋರಿಸಲು ಹೇಳಿದರೆ ಮಾತ್ರ ಅದು ಪಾಠ.

ವಿದ್ಯುಚ್ಛಕ್ತಿಯ ಘಟಕಕ್ಕೆ ವಿಲಿಯಂ ಕಾಮ್‌ಕ್ವಾಂಬಾ ಅವರ ಆತ್ಮಕಥನ ‘ದ ಬಾಯ್ ಹೂ ಹಾರ್ನೆಸ್ಡ್ ದ ವಿಂಡ್’ (2009) ಚೆನ್ನಾಗಿ ಹೊಂದುತ್ತದೆ. ಮಲಾವಿಯಲ್ಲಿ ಬರಗಾಲದ ವರ್ಷ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ, ಗ್ರಂಥಾಲಯದ ಪುಸ್ತಕವೊಂದನ್ನು ನೋಡಿ, ಸೈಕಲ್ಲಿನ ಚೌಕಟ್ಟು, ಟ್ರ್ಯಾಕ್ಟರ್ ಫ್ಯಾನು, ಪ್ಲಾಸ್ಟಿಕ್ ಪೈಪು, ಸೈಕಲ್ ಡೈನಮೊಗಳಿಂದ ಗಾಳಿಯಂತ್ರ ಕಟ್ಟುತ್ತಾನೆ. ಪ್ರತಿ ಭಾಗ ಮೊದಲು ಯಾವ ಕೆಲಸಕ್ಕಿತ್ತು, ಇಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಬರೆಸುತ್ತ ಹೋದರೆ ಶಕ್ತಿಯ ರೂಪಾಂತರವೂ ವಿದ್ಯುತ್ಕಾಂತೀಯ ಪ್ರೇರಣೆಯೂ ತಾವಾಗಿಯೇ ಬರುತ್ತವೆ. ಗೋಪುರ ಏಕೆ ಎತ್ತರವಿರಬೇಕು ಎಂಬ ಪ್ರಶ್ನೆಗೆ, ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುತ್ತದೆ, ಗಾಳಿಯಲ್ಲಿ ಸಿಗುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ, ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬುದು ಉತ್ತರ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಹುಡುಗನೊಬ್ಬನ ಛಲದ ಕಥೆಯನ್ನು ಸ್ಫೂರ್ತಿಯ ಭಾಷಣವಾಗಿ ತಿರುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ಭೌತಶಾಸ್ತ್ರದ ಅವಧಿಯಲ್ಲಿ ಡೈನಮೊ ಹೇಗೆ ಕೆಲಸ ಮಾಡುತ್ತದೆ ಎಂಬ ಮಾತೇ ಸಾಕಷ್ಟು ಸ್ಫೂರ್ತಿದಾಯಕ.

ಗಣಿತ: ಚೀಟಿಗಳ ಲೆಕ್ಕ, ತ್ರಿಭುಜದ ಸಾಧನೆ

ಗಣಿತಕ್ಕೆ ಕಾದಂಬರಿ ಹೊಂದುವುದಿಲ್ಲವೆಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ಅದನ್ನು ಅಲ್ಲಾಡಿಸಲು ಸುಝನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’ (2008) ಕಾದಂಬರಿಯ ಮೊದಲ ಅಧ್ಯಾಯವೊಂದೇ ಸಾಕು. ಮಕ್ಕಳನ್ನು ಸಾವಿನ ಆಟಕ್ಕೆ ಆರಿಸುವ ಅಲ್ಲಿನ ಕ್ರೂರ ಚೀಟಿ ಎತ್ತುವಿಕೆಯಲ್ಲಿ 12ನೆಯ ವಯಸ್ಸಿಗೆ ಹೆಸರು ಒಂದು ಸಲ ಸೇರುತ್ತದೆ, ವರ್ಷಕ್ಕೊಂದರಂತೆ ಹೆಚ್ಚುತ್ತ 18ಕ್ಕೆ ಏಳು ಸಲ ಆಗುತ್ತದೆ. ಬಡವರು ಕುಟುಂಬದ ಪ್ರತಿಯೊಬ್ಬರ ಪಾಲಿನ ಧಾನ್ಯ ಮತ್ತು ಎಣ್ಣೆಗಾಗಿ ಪ್ರತಿವರ್ಷ ಹೆಚ್ಚಿನ ಚೀಟಿಗಳನ್ನು ಸೇರಿಸಬಹುದು. ಅವೂ ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತವೆ. ಮೂವರ ಕುಟುಂಬದ 16 ವರ್ಷದ ಕ್ಯಾಟ್ನಿಸ್‌ಳ ಹೆಸರಿನ 20 ಚೀಟಿಗಳೂ, ಐವರ ಕುಟುಂಬದ 18 ವರ್ಷದ ಗೇಲ್‌ನ ಹೆಸರಿನ 42 ಚೀಟಿಗಳೂ ಇವೆಯೆಂದು ಪುಸ್ತಕ ಹೇಳುತ್ತದೆ. ಈ ಎರಡು ಸಂಖ್ಯೆಗಳು ಸರಿಯೇ ಎಂದು ಪರೀಕ್ಷಿಸಲು ತರಗತಿಗೆ ಬಿಡಬೇಕು. ವಯಸ್ಸಿನಿಂದ 11 ಕಳೆದು, ಅದನ್ನು ಕುಟುಂಬದ ಸದಸ್ಯರ ಸಂಖ್ಯೆಗೆ ಒಂದು ಕೂಡಿಸಿದ ಮೊತ್ತದಿಂದ ಗುಣಿಸಿದರೆ ಉತ್ತರ ಸಿಗುತ್ತದೆ: 5ನ್ನು 4ರಿಂದ ಗುಣಿಸಿದರೆ 20, 7ನ್ನು 6ರಿಂದ ಗುಣಿಸಿದರೆ 42. ಸೂತ್ರವನ್ನು ಶಿಕ್ಷಕರು ಹೇಳಿಕೊಡಬಾರದು. ಪ್ರತಿವರ್ಷದ ಚೀಟಿಗಳನ್ನು ಪಟ್ಟಿಮಾಡುತ್ತ ಹೋದವರಿಗೆ ಅದು ಸಮಾಂತರ ಶ್ರೇಢಿಯೆಂದು ಕಂಡೇ ಕಾಣುತ್ತದೆ.

ಇಲ್ಲಿಂದ ಸಂಭವನೀಯತೆಗೆ ಹೋಗುವಾಗ ಒಂದು ಸ್ವಾರಸ್ಯದ ತೊಡಕಿದೆ. ಗೇಲ್ ಆಯ್ಕೆಯಾಗುವ ಸಂಭವನೀಯತೆಯನ್ನು ಹೇಳಲು ಒಟ್ಟು ಚೀಟಿಗಳ ಸಂಖ್ಯೆ ಬೇಕು, ಅದು ನಿಖರವಾಗಿ ಸಿಗುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ತಾವೇ ಒಂದು ಸಂಖ್ಯೆಯನ್ನು ಊಹಿಸಿ, ಆ ಊಹೆಗೆ ಕಾರಣ ಕೊಟ್ಟು, ಲೆಕ್ಕ ಮಾಡಬೇಕಾಗುತ್ತದೆ. ಒಟ್ಟು ಎಷ್ಟಿದ್ದರೂ ಬದಲಾಗದ ಒಂದು ಸಂಗತಿಯೂ ಇದೆ: ಧಾನ್ಯಕ್ಕಾಗಿ ಒಂದೂ ಚೀಟಿ ಸೇರಿಸದ 18 ವರ್ಷದ ಹುಡುಗನಿಗಿಂತ ಗೇಲ್‌ನ ಹೆಸರು ಬರುವ ಸಾಧ್ಯತೆ ಆರು ಪಟ್ಟು ಹೆಚ್ಚು. ಹಸಿವು ಹೇಗೆ ಗುಣಕವಾಗುತ್ತದೆಂದು ಅರ್ಥಶಾಸ್ತ್ರ, ಪೌರನೀತಿಗಳ ಶಿಕ್ಷಕರು ಇದೇ ಆರು ಎಂಬ ಸಂಖ್ಯೆಯಿಂದ ತಮ್ಮ ಪಾಠವನ್ನು ಶುರುಮಾಡಬಹುದು.

ಮಾರ್ಕ್ ಹ್ಯಾಡನ್ ಅವರ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್-ಟೈಮ್’ (2003) ಇನ್ನೊಂದು ಬಗೆಯದು. ಕಥೆ ಹೇಳುವ 15 ವರ್ಷದ ಕ್ರಿಸ್ಟಫರ್ ಅಧ್ಯಾಯಗಳಿಗೆ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಕೊಡುತ್ತಾನೆ. ಪುಸ್ತಕ 2ನೆಯ ಅಧ್ಯಾಯದಿಂದ ಆರಂಭವಾಗಿ 233ರಲ್ಲಿ ಮುಗಿಯುತ್ತದೆ. ಹಾಗಾದರೆ ಒಟ್ಟು ಅಧ್ಯಾಯಗಳೆಷ್ಟು ಎಂಬುದು ಐದು ನಿಮಿಷದ ಪ್ರಶ್ನೆ, ಉತ್ತರ 51. ಇದಕ್ಕಿಂತ ಬೆಲೆಬಾಳುವುದು ಪುಸ್ತಕದ ಅನುಬಂಧ. n ಒಂದಕ್ಕಿಂತ ದೊಡ್ಡದಾಗಿರುವಾಗ n²+1, n²−1, 2n ಎಂಬ ಬಾಹುಗಳುಳ್ಳ ತ್ರಿಭುಜವು ಲಂಬಕೋನ ತ್ರಿಭುಜವೆಂದು ಕ್ರಿಸ್ಟಫರ್ ಅಲ್ಲಿ ಸಾಧಿಸುತ್ತಾನೆ. ಸಾಧನೆಯನ್ನು ಮೊದಲು ತರಗತಿ ಮಾಡಲಿ, ಆಮೇಲೆ ಅವನದರೊಂದಿಗೆ ಹೋಲಿಸಲಿ. ಮುಂದಿನ ಹೆಜ್ಜೆ ನನಗೆ ಬಹಳ ಇಷ್ಟವಾದದ್ದು: n ಗೆ 2 ಕೊಟ್ಟರೆ 5, 3, 4 ಬರುತ್ತದೆ; 4 ಕೊಟ್ಟರೆ 17, 15, 8 ಬರುತ್ತದೆ; ಎಲ್ಲರಿಗೂ ಪರಿಚಿತವಾದ 13, 12, 5 ಮಾತ್ರ ಯಾವ ಪೂರ್ಣಾಂಕ ಕೊಟ್ಟರೂ ಬರುವುದಿಲ್ಲ. ಆದರೆ 5 ಕೊಟ್ಟಾಗ 26, 24, 10 ಬರುತ್ತದೆ, ಅದು 13, 12, 5ರ ಇಮ್ಮಡಿ. ಹೀಗೇಕೆ ಎಂಬ ಪ್ರಶ್ನೆಯನ್ನು ಹಲಗೆಯ ಮೇಲೆ ಬಿಟ್ಟು ಹೊರಗೆ ನಡೆಯಬಹುದು. ಈ ಪುಸ್ತಕದಲ್ಲಿ ಬೈಗುಳದ ಭಾಷೆ ಧಾರಾಳವಾಗಿರುವುದರಿಂದ ಇಡೀ ಪುಸ್ತಕ ಓದಿಸುವ ಮೊದಲು ಶಿಕ್ಷಕರು ತಾವು ಓದಿ ನಿರ್ಧರಿಸುವುದು ಒಳ್ಳೆಯದು. ಅನುಬಂಧದ ಬಳಕೆಗೆ ಆ ತೊಂದರೆಯಿಲ್ಲ.

ಇತಿಹಾಸ ಮತ್ತು ಭೂಗೋಳ

ಇತಿಹಾಸದ ತರಗತಿಯಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿಯನ್ನು ಬಳಸುವವರು ಬಹಳ ಮಂದಿ, ಆದರೆ ಬಹುತೇಕ ಅದು ಕಣ್ಣೀರಿನಲ್ಲಿ ಮುಗಿಯುತ್ತದೆ. ಅದನ್ನು ಆಕರವಾಗಿ ಪರಿಶೀಲಿಸಲು ಒಂದು ಒಳ್ಳೆಯ ದಾರಿಯಿದೆ. ದಿನಚರಿ 1942ರ ಜೂನ್ 12ರಂದು ಆರಂಭವಾಗಿ 1944ರ ಆಗಸ್ಟ್ 1ರಂದು ನಿಲ್ಲುತ್ತದೆ. 1944ರ ಮಾರ್ಚ್ 28ರಂದು ಡಚ್ ಸಚಿವರೊಬ್ಬರು ರೇಡಿಯೊದಲ್ಲಿ ಮಾತನಾಡಿ, ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ದಿನಚರಿ, ಪತ್ರಗಳನ್ನು ಸಂಗ್ರಹಿಸಲಾಗುವುದೆಂದು ಹೇಳಿದರು. ಅದನ್ನು ಕೇಳಿದ ಆನ್ ತನ್ನ ಹಳೆಯ ಬರಹವನ್ನು ಪ್ರಕಟಣೆಗಾಗಿ ತಿದ್ದಿ ಬರೆಯತೊಡಗಿದಳು. ಅಂದರೆ ದಿನಚರಿಗೆ ಅವಳೇ ಬರೆದ ಎರಡು ರೂಪಗಳಿವೆ. ಅವೆರಡರಿಂದ ಆಯ್ದು ತಂದೆ ಆಟೊ ಫ್ರಾಂಕ್ ಸಿದ್ಧಪಡಿಸಿದ ಪುಸ್ತಕ 1947ರಲ್ಲಿ ಬಂದಿತು. ವಿದ್ಯಾರ್ಥಿಗಳು ಒಂದು ದಿನದ ದಿನಚರಿಯನ್ನು ಅದೇ ರಾತ್ರಿ ಬರೆದು, ಎರಡು ವಾರದ ನಂತರ ಅದನ್ನೇ ಇಡೀ ಶಾಲೆ ಓದುತ್ತದೆಂದು ಭಾವಿಸಿ ತಿದ್ದಿ ಬರೆಯಲಿ. ಏನನ್ನು ಬಿಟ್ಟೆ, ಏನನ್ನು ಸೇರಿಸಿದೆ, ಯಾರ ಹೆಸರನ್ನು ಬದಲಾಯಿಸಿದೆ ಎಂದು ಪಕ್ಕದಲ್ಲಿ ಟಿಪ್ಪಣಿ ಮಾಡಲಿ. ಎರಡು ಬರಹಗಳಲ್ಲಿ ಯಾವುದು ಹೆಚ್ಚು ನಿಜ ಎಂಬ ಚರ್ಚೆಯನ್ನು ಆಮೇಲೆ ತಡೆಯುವುದೇ ಕಷ್ಟ. ಈ ಚಟುವಟಿಕೆಯಲ್ಲಿ ಮೊದಲ ಬರಹವನ್ನು ಶಿಕ್ಷಕರು ಕೇಳಿ ಓದಬಾರದು, ಟಿಪ್ಪಣಿಯನ್ನು ಮಾತ್ರ ನೋಡಬೇಕು.

ಭೂಗೋಳಕ್ಕೆ ಲಿಂಡಾ ಸೂ ಪಾರ್ಕ್ ಅವರ ‘ಎ ಲಾಂಗ್ ವಾಕ್ ಟು ವಾಟರ್’ (2010) ಚಿಕ್ಕದಾಗಿರುವುದರಿಂದ ಅನುಕೂಲಕರ. 1985ರಲ್ಲಿ ಸುಡಾನಿನ ಯುದ್ಧದಿಂದ ಓಡುವ ಸಾಲ್ವಾ, 2008ರಲ್ಲಿ ದಿನಕ್ಕೆ ಎರಡು ಸಲ ನೀರಿಗಾಗಿ ನಡೆಯುವ ನ್ಯಾ, ಹೀಗೆ 11 ವರ್ಷದ ಇಬ್ಬರು ಮಕ್ಕಳ ಎರಡು ಎಳೆಗಳಲ್ಲಿ ಕಥೆ ಸಾಗುತ್ತದೆ. ಸಾಲ್ವಾನ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಮಾಪಕ ಬಳಸಿ ದೂರ ಅಳೆಯಿಸಬಹುದು. ಕುತೂಹಲದ ಸಂಗತಿಯೆಂದರೆ ಪುಸ್ತಕ ಬಂದಾಗ ದಕ್ಷಿಣ ಸುಡಾನ್ ಎಂಬ ದೇಶ ಇರಲಿಲ್ಲ. ಅದು ಸ್ವತಂತ್ರವಾದದ್ದು 2011ರ ಜುಲೈ 9ರಂದು. ಪುಸ್ತಕವನ್ನು ಹೊಸ ನಕ್ಷೆಯ ಪಕ್ಕದಲ್ಲಿಟ್ಟಾಗ ಗೆರೆಯೊಂದು ಹೊಸದಾಗಿ ಮೂಡಿರುವುದು ಕಾಣುತ್ತದೆ, ಆ ಗೆರೆ ಹೇಗೆ ಬಂತೆಂಬ ಪ್ರಶ್ನೆಯೊಂದಿಗೆ ಭೂಗೋಳ ಇತಿಹಾಸದ ಕೈಗೆ ಹೋಗುತ್ತದೆ.

ಉಳಿದ ವಿಷಯಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಚಿತ್ರಕಲೆಗೆ ಜೀನ್ ಲುಯೆನ್ ಯಾಂಗ್ ಅವರ ಚಿತ್ರಕಾದಂಬರಿ ‘ಅಮೆರಿಕನ್ ಬಾರ್ನ್ ಚೈನೀಸ್’ (2006) ಆಗಬಹುದು. ಪುಟದ ಮಾತುಗಳನ್ನೆಲ್ಲ ಮುಚ್ಚಿ, ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಏನು ನಡೆದಿರಬಹುದೆಂದು ಹೇಳಿಸುವುದೇ ಸಾಕಷ್ಟು ಕೆಲಸ. ದೈಹಿಕ ಶಿಕ್ಷಣ ಮತ್ತು ಆರೋಗ್ಯಕ್ಕೆ ಕ್ವಾಮೆ ಅಲೆಕ್ಸಾಂಡರ್ ಅವರ ಪದ್ಯಕಾದಂಬರಿ ‘ದ ಕ್ರಾಸೋವರ್’ (2014) ಇದೆ. ಬ್ಯಾಸ್ಕೆಟ್‌ಬಾಲ್ ಆಡುವ ಅವಳಿ ಹುಡುಗರ ತಂದೆ ರಕ್ತದೊತ್ತಡವಿದ್ದೂ ವೈದ್ಯರ ಬಳಿ ಹೋಗಲೊಲ್ಲ.

ಆಯ್ಕೆ, ಪ್ರತಿಗಳು, ಆಕ್ಷೇಪಗಳು

ಪುಸ್ತಕವನ್ನು ಶಿಕ್ಷಕರು ಮೊದಲಿನಿಂದ ಕೊನೆಯವರೆಗೆ ಓದಿರಲೇಬೇಕು, ನಾಲ್ಕು ಪುಟ ಬಳಸುವುದಾದರೂ ಸರಿ. ಉಳಿದ ಪುಟಗಳಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಕೊಟ್ಟ ಪುಸ್ತಕ ಎಂದಾದರೊಂದು ದಿನ ತಿರುಗಿ ಬರುತ್ತದೆ. ಸಾವು, ಹಿಂಸೆ, ದೌರ್ಜನ್ಯದ ಪ್ರಸಂಗಗಳಿದ್ದರೆ ಮೊದಲೇ ತರಗತಿಗೆ ಹೇಳಿ, ಅದೇ ಪರಿಕಲ್ಪನೆಗೆ ಹೊಂದುವ ಇನ್ನೊಂದು ಪುಸ್ತಕವನ್ನೂ ಸಿದ್ಧವಿಟ್ಟುಕೊಳ್ಳಬೇಕು. ಬೇಡವೆಂದ ವಿದ್ಯಾರ್ಥಿಯಿಂದ ಕಾರಣ ಕೇಳಬಾರದು. ಪೋಷಕರಿಗೆ ಪುಸ್ತಕದ ಹೆಸರು, ಅದನ್ನು ಆಯ್ದುಕೊಂಡ ಉದ್ದೇಶ, ಓದಿಸುವ ಪುಟಗಳು ಇಷ್ಟನ್ನು ಮೊದಲೇ ಬರೆದು ಕಳುಹಿಸಿದರೆ ಆಕ್ಷೇಪಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿ, ಕಿಟಕಿ, ಸರಿಸಿ ತೆರೆಯುವ ಗಾಜಿನ ಬಾಗಿಲುಗಳಿಗೆ ಹೋಲಿಸಿದರು: ಓದುಗ ತನ್ನನ್ನು ಕಾಣುವುದು, ಬೇರೆಯವರನ್ನು ಕಾಣುವುದು, ಬೇರೆ ಲೋಕದೊಳಗೆ ಕಾಲಿಡುವುದು. ವರ್ಷದ ಪಟ್ಟಿ ಮಾಡುವಾಗ ಇದನ್ನು ನೆನಪಿಡುವುದು ಉಪಯುಕ್ತ, ಏಕೆಂದರೆ ವಿಜ್ಞಾನ ಶಿಕ್ಷಕರು ಆರಿಸಿದ್ದೆಲ್ಲ ಹುಡುಗರ ಸಾಹಸಕಥೆಗಳೇ ಆಗಿಬಿಡುವ ಅಪಾಯವಿದೆ. ಮೇಲೆ ನಾನು ಹೇಳಿದ ಭೌತಶಾಸ್ತ್ರದ ಮೂರೂ ಪುಸ್ತಕಗಳಲ್ಲಿ ಮುಖ್ಯ ಪಾತ್ರ ಹುಡುಗರದ್ದೇ ಎಂಬುದನ್ನು ಓದುಗರು ಗಮನಿಸಿರಬಹುದು. ಈ ದೋಷ ನನ್ನ ಪಟ್ಟಿಯಲ್ಲಿ ಇನ್ನೂ ಉಳಿದಿದೆ.

ಒಂದೇ ಪ್ರತಿ ಇದ್ದರೆ ಗಟ್ಟಿಯಾಗಿ ಓದಿ ಕೇಳಿಸುವುದೇ ಉತ್ತಮ. ಪ್ರೌಢಶಾಲೆಯವರು ಇದಕ್ಕೆ ದೊಡ್ಡವರಾದರೆಂಬ ಸಂಕೋಚ ಶಿಕ್ಷಕರಿಗಿರುತ್ತದೆ, ಕೇಳುವವರಿಗೆ ಇರುವುದಿಲ್ಲ. ನಾಲ್ಕೈದು ಪ್ರತಿಗಳಿದ್ದರೆ ಗುಂಪಿಗೊಂದರಂತೆ ಕೊಟ್ಟು ವಾರಕ್ಕೊಮ್ಮೆ ಬದಲಾಯಿಸಬಹುದು. ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸುವುದು ಬೇಡ. ಅದು ಕೃತಿಸ್ವಾಮ್ಯಕ್ಕೆ ವಿರುದ್ಧ.

ಇಬ್ಬರು ಶಿಕ್ಷಕರು ಒಂದೇ ಪುಸ್ತಕವನ್ನು ಹಂಚಿಕೊಳ್ಳುವುದಾದರೆ ಮೂರು ವಾರ ಸಾಕು. ಮೊದಲ ವಾರ ಭಾಷಾ ತರಗತಿಯಲ್ಲಿ ಕಥೆಯನ್ನು ಕಥೆಯಾಗಿ ಓದಲಿ, ಬೇರೆ ಯಾರೂ ಅದನ್ನು ಮುಟ್ಟಬಾರದು. ಎರಡನೆಯ ವಾರ ವಿಷಯ ಶಿಕ್ಷಕರು ಎರಡು ಅವಧಿ ತೆಗೆದುಕೊಂಡು ಆಯ್ದ ಪುಟಗಳನ್ನು ಬಿಡಿಸಲಿ. ಮೂರನೆಯ ವಾರ ವಿದ್ಯಾರ್ಥಿಗಳು ಬರೆಯಲಿ. ಇಬ್ಬರೂ ಒಟ್ಟಿಗೆ ಕುಳಿತು ನಿರ್ಧರಿಸಬೇಕಾದದ್ದು ಒಂದೇ: ಯಾವ ಪುಟಗಳು, ಯಾವ ಪ್ರಶ್ನೆ. ಇದು ಅರ್ಧ ಗಂಟೆಯ ಮಾತು. ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿದೆಯೆಂದರೆ ಪುಸ್ತಕವನ್ನು ಪಾಠಕ್ಕೆ ಬಲವಂತವಾಗಿ ಜೋಡಿಸುತ್ತಿದ್ದೇವೆ ಎಂದು ತಿಳಿದು ಬೇರೆ ಪುಸ್ತಕ ಹುಡುಕಬೇಕು.

ಅಂಕ ಕೊಡುವಾಗ ಕಥೆಯ ವಿವರಗಳನ್ನು ಪರೀಕ್ಷಿಸಬಾರದು. ‘ಫೀವರ್ 1793’ ಓದಿದ ಜೀವಶಾಸ್ತ್ರದ ವಿದ್ಯಾರ್ಥಿಗೆ ಮ್ಯಾಟಿಲ್ಡಾಳ ತಾತನ ಬಗ್ಗೆ ಪ್ರಶ್ನೆ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ, 1793ರ ಊರಿನ ಅಧಿಕಾರಿಗಳಿಗೆ ಇಂದಿನ ತಿಳಿವಳಿಕೆಯಿಂದ ಒಂದು ಪುಟದ ಪತ್ರ ಬರೆಯಲು ಹೇಳಬಹುದು. ಷರತ್ತು ಏನೆಂದರೆ ಸೂಕ್ಷ್ಮದರ್ಶಕ, ವೈರಸ್ ಎಂಬ ಮಾತುಗಳನ್ನು ಬಳಸದೆ, ಆ ಕಾಲದವರು ತಮ್ಮ ಕಣ್ಣಿಂದಲೇ ಪರೀಕ್ಷಿಸಿ ನೋಡಬಹುದಾದ ಸಾಕ್ಷ್ಯಗಳಿಂದಷ್ಟೇ ಅವರನ್ನು ಒಪ್ಪಿಸಬೇಕು. ಸೊಳ್ಳೆಯ ಜೀವನಚಕ್ರ ಅರ್ಥವಾಗದವರು ಈ ಪತ್ರವನ್ನು ಬರೆಯಲಾರರು. ಒಬ್ಬ ಹುಡುಗಿ ಹಿಮ ಬೀಳುವ ತನಕ ಕಾಯಿರಿ ಎಂದು ಒಂದೇ ಸಾಲು ಬರೆದು, ಉಳಿದ ಪುಟದ ತುಂಬ ಊರಿನ ನೀರಿನ ಪೀಪಾಯಿಗಳಿಗೆಲ್ಲ ಬಟ್ಟೆ ಕಟ್ಟಿಸುವ ಲೆಕ್ಕ ಹಾಕಿಕೊಟ್ಟಿದ್ದಳು. ಬಟ್ಟೆ ಕಟ್ಟಿದ ಬೀದಿ, ಕಟ್ಟದ ಬೀದಿ ಎಂದು ಊರನ್ನು ಎರಡು ಭಾಗ ಮಾಡಿ ಒಂದು ತಿಂಗಳು ಸಾವುಗಳನ್ನು ಎಣಿಸಿರೆಂಬ ಸೂಚನೆಯೂ ಕೊನೆಯಲ್ಲಿತ್ತು.